ನಲವತ್ತೊಂದನೇ ಪೊಟ್ಟಣ

ನೂರೀನ ದೊಡ್ಡ ಸುಳ್ಳುಗಾತಿಯೇನಲ್ಲ. ಅವಳು ಮುಚ್ಚಿಟ್ಟಿದ್ದು ಒಂದೇ ಒಂದು ಸಂಗತಿ, ಅದನ್ನೂ ಯಾರೂ ಬೆನ್ನುಬಿದ್ದು ಕೇಳಿದವರಿಲ್ಲ. ಅವಳ ತಾಯಿ ನಜಮುನ್ನೀಸಾ ಮುಂಬೈಯ ಪರೇಲಿನ ಗಲ್ಲಿಯೊಂದರಲ್ಲಿ, ಅಂಬವ್ವನ ಮಸಾಲೆ ಕುಟ್ಟುವ ಗಿರಣಿಯಲ್ಲಿ ಮೆಣಸಿನಕಾಯಿ ಹುರಿಯುವ ಕೆಲಸ ಮಾಡುತ್ತಾಳೆ. ಇಷ್ಟೇ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ನೂರೀನ ಈಗ ತನ್ನನ್ನು ತಾನೇ ಅದನ್ನು ಕೇಳಿಕೊಳ್ಳುತ್ತಾಳೆ, ಕೇಳಿಕೊಳ್ಳಬೇಕಾದ ಕಾಲ ದಾಟಿದ ಮೇಲೆ.

ತಾಯಿ ಮಗಳಿಬ್ಬರೂ ಬೆಳಿಗ್ಗೆ ದಹಿಸರಿನಲ್ಲಿ ಒಂದೇ ಸ್ಲೋ ಲೋಕಲ್ ಹತ್ತುತ್ತಿದ್ದರು. ನೂರೀನ ವಿಲೆ ಪಾರ್ಲೆಯಲ್ಲಿ ಇಳಿದು ಕಾಲೇಜಿನ ಲ್ಯಾಬಿಗೆ ಹೋಗುವಳು. ಅಮ್ಮಿ ಮುಂದೆ ಪ್ರಭಾದೇವಿಯವರೆಗೆ ಹೋಗಿ, ಸೇತುವೆ ದಾಟಿ ಪರೇಲಿಗೆ ನಡೆಯುವಳು. ಅಮ್ಮಿಯ ದುಪಟ್ಟಾದಲ್ಲಿ, ಕೈಚೀಲದಲ್ಲಿ, ಕೂದಲಲ್ಲಿ, ಎಷ್ಟು ತೊಳೆದರೂ ಹೋಗದ ಖಾರದ ಘಾಟು. ಪಕ್ಕ ಕೂತವರು ಸೀನಿ, ದುರುಗುಟ್ಟಿ ನೋಡಿ, ಸರಿದು ಕೂರುವುದು ಮಾಮೂಲು. ಒಂದು ದಿನ ಅಂಧೇರಿಯಲ್ಲಿ ಲ್ಯಾಬಿನ ಗೆಳತಿ ನಮಿತಾ ಅದೇ ಲೇಡೀಸ್ ಡಬ್ಬಾ ಹತ್ತಿದಳು. ನೂರೀನ ತಟ್ಟನೆ ಸೀಟಿನಿಂದೆದ್ದು ಬಾಗಿಲ ಕಡೆ ಹೋಗಿ ನಿಂತಳು. ಪಾರ್ಲೆ ಬರುವತನಕ ನಮಿತಾಳ ಜೊತೆ ನಗುನಗುತ್ತ ಹರಟೆ ಹೊಡೆದಳು. ಇಳಿಯುವಾಗ ತಿರುಗಿ ನೋಡಲಿಲ್ಲ. ಅಮ್ಮಿ ಕಿಟಕಿಯಾಚೆ ನೋಡುತ್ತಿದ್ದಳು, ಏನೂ ಕಂಡಿರಲಿಕ್ಕಿಲ್ಲ ಎಂದು ಪ್ಲಾಟ್‌ಫಾರ್ಮಿನ ಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನೂರೀನಳ ಪಿಎಚ್‌ಡಿ ಕೆಲಸವೂ ಖಾರದ ಪುಡಿಯದೇ ಆಗಿತ್ತು ಎನ್ನುವುದು ನೋಡಿ ತಮಾಷೆ. ಬೂಟ್ ಪಾಲಿಶಿಗೆ ಹಾಕುವಂಥ ಕೆಂಪು ಬಣ್ಣವನ್ನು ಖಾರದ ಪುಡಿಗೆ ಬೆರೆಸಿ ಮಾರುವವರಿದ್ದಾರೆ. ಅದನ್ನು ಮುಟ್ಟದೆ, ಮೂಸದೆ, ಬರೀ ಕ್ಯಾಮೆರಾದಿಂದ ಕಂಡುಹಿಡಿಯಬೇಕು. ಲ್ಯಾಬಿನ ಆ ಕ್ಯಾಮೆರಾ ನಮ್ಮ ಫೋನಿನದರಂತೆ ಮೂರು ಬಣ್ಣದಲ್ಲಿ ನೋಡುವುದಿಲ್ಲ. ಬೆಳಕನ್ನು ಇನ್ನೂರ ನಲವತ್ತು ಸಪೂರ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಗೊಂದು ಚಿತ್ರ ತೆಗೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನುಷ್ಯರ ಕಣ್ಣಿಗೆ ಕಾಣದ ಬೆಳಕು. ಅಷ್ಟನ್ನೂ ಇಟ್ಟುಕೊಂಡರೆ ಯಂತ್ರ ಭಾರ, ದುಬಾರಿ, ನಿಧಾನ. ಎಂಟೋ ಹತ್ತೋ ಪಟ್ಟಿ ಸಾಕು. ಯಾವ ಎಂಟು ಎನ್ನುವುದೇ ನೂರೀನಳ ಪ್ರಶ್ನೆ.

ದಹಿಸರಿನ ಅವಳ ಬಿಲ್ಡಿಂಗಿನ ಸೊಸೈಟಿ ಮೀಟಿಂಗ್ ನೆನೆಸಿಕೊಂಡರೆ ವಿಷಯ ಅರ್ಥವಾಗುತ್ತದೆ. ಇನ್ನೂರ ನಲವತ್ತು ಮಂದಿ ಕೂತಿರುತ್ತಾರೆ. ಅಕ್ಕಪಕ್ಕದವರೆಲ್ಲ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಾರೆ. ಹೊಸ ಸುದ್ದಿ ಹೇಳುವವರು ಏಳೆಂಟು ಜನ ಮಾತ್ರ. ನೂರೀನ ಎಲ್ಲ ಪಟ್ಟಿಗಳನ್ನೂ ಒಂದು ಜಾಲದಲ್ಲಿ ಕೂರಿಸಿ, ಒಂದೇ ರಾಗ ಎಳೆಯುವ ಪಟ್ಟಿಗಳ ನಡುವೆ ಗೆರೆ ಹಾಕಿ, ಆ ಗೆರೆಗಳ ಮೇಲೆ ಕಲಿಯುವ ಯಂತ್ರವೊಂದನ್ನು ಓಡಿಸಿದ್ದಳು. ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಎಂದು ಅದರ ಹೆಸರು. ಶುದ್ಧ ಪುಡಿ ಯಾವುದು, ಕಲಬೆರಕೆ ಯಾವುದು ಎಂದು ಮೊದಲು ತೋರಿಸಿಕೊಟ್ಟರೆ, ಆ ವ್ಯತ್ಯಾಸವನ್ನು ಹೇಳಬಲ್ಲ ಎಂಟು ಪಟ್ಟಿಗಳನ್ನು ಅದೇ ಆರಿಸಿಕೊಡುತ್ತದೆ.

ತೋರಿಸಿಕೊಡಬೇಕಾದವಳು ನೂರೀನ. ಎಡವಿದ್ದೂ ಅಲ್ಲೇ.

ಗೈಡ್ ಸುಹಾಸ ಸರ್ ಉಡುಪಿ ಕಡೆಯವರು. ಅವರ ತಂದೆ ಪಾರ್ಲೆಯಲ್ಲೇ ಹೋಟೆಲ್ ನಡೆಸಿದವರು. ಚಿಕ್ಕಂದಿನಲ್ಲಿ ತಾವು ಅಲ್ಲಿ ಟೇಬಲ್ ಒರೆಸಿದ ಕತೆಯನ್ನು ಸರ್ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿ ನಗುವವರು. ಎರಡು ವರ್ಷದ ಹಿಂದೆ, ಶುದ್ಧ ಪುಡಿಯ ಮಾದರಿಗಳನ್ನು ಮಾಡುವ ಹೊತ್ತಿಗೆ, ಅವರು ಒಂದು ಮಾತು ಹೇಳಿದ್ದರು.

"ನೂರೀನಾ, ಪರೇಲ್, ಲಾಲ್‌ಬಾಗ್ ಕಡೆ ಮಸಾಲೆ ಕುಟ್ಟುವವರು ಇದ್ದಾರಲ್ಲ, ಒಮ್ಮೆ ಹೋಗಿ ನೋಡುವನಾ? ಹೇಗೆ ಮಾಡ್ತಾರೆ ಅಂತ ಕಣ್ಣಾರೆ ಕಾಣ್ಬೇಕು ಮಾರಾಯ್ತಿ."

ನೂರೀನಳ ಕಣ್ಣಮುಂದೆ ಬಂದದ್ದು ಅಮ್ಮಿ. ಸರ್ ಪರೇಲಿಗೆ ಬಂದರೆ, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಕಡಾಯಿಯ ಮುಂದೆ ಕೂತ ಹೆಂಗಸು ಎದ್ದು "ಬಾ ಬೇಟಾ" ಅಂದುಬಿಟ್ಟರೆ? "ಬೇಡ ಸರ್, ಅಲ್ಲಿ ಹೈಜೀನ್ ಇರಲ್ಲ, ಕಂಟ್ರೋಲ್ ಇರಲ್ಲ. ಚಿಲ್ಲಿ ಇಲ್ಲೇ ತಂದು ಮಿಕ್ಸರಲ್ಲಿ ಮಾಡ್ತೀನಿ," ಅಂದಳು. ತುತ್ತು ಕೊಟ್ಟ ಜಾಗದ ಬಗ್ಗೆ 'ಹೈಜೀನ್ ಇರಲ್ಲ' ಎಂದ ಆ ಮಾತು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತ್ತು ಎಂದು ನೆನೆದರೆ ಇಂದಿಗೂ ಅವಳ ಕಿವಿ ಬಿಸಿಯಾಗುತ್ತದೆ.

ಹಾಗೆ ಶುದ್ಧ ಪುಡಿ ಲ್ಯಾಬಿನಲ್ಲಿ ಒಣಒಣದಾಗಿ ತಯಾರಾಯಿತು. ಕಲಬೆರಕೆಗೆ ಬೇಕಾದ ಕೆಂಪು ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಮಾತ್ರ ಕರಗುತ್ತದೆ. ಹಾಗಾಗಿ ಅದನ್ನು ಎಣ್ಣೆಯಲ್ಲಿ ಕದಡಿ ಪುಡಿಗೆ ಬೆರೆಸಿದಳು. ಯಂತ್ರ ಕಲಿಯಿತು. ನೂರಕ್ಕೆ ತೊಂಬತ್ತೇಳು ಸರಿ. ಆರಿಸಿಕೊಂಡ ಎಂಟು ಪಟ್ಟಿಗಳಲ್ಲಿ ಐದು ಕಣ್ಣಿಗೆ ಕಾಣದ ಬೆಳಕಿನ ಕಡೆಯವು, ಸಾವಿರದ ಇನ್ನೂರ ಹತ್ತು ನ್ಯಾನೋಮೀಟರಿನ ಸುತ್ತ ಎರಡು, ಸಾವಿರದ ಏಳುನೂರ ಇಪ್ಪತ್ತೈದರ ಸುತ್ತ ಮೂರು.

ಸರ್ ಕನ್ನಡಕ ಹಣೆಗೇರಿಸಿ ನೋಡಿದರು. "ಅಲ್ಲ, ಈ ಬಣ್ಣ ಕಣ್ಣಿಗೆ ಕಾಣುದಲ್ವಾ? ಮತ್ತೆ ಇದು ಯಾಕೆ ಆಚೆ ಹೋಗಿ ಕೂತದ್ದು?"

"ನಮಗೆ ಗೊತ್ತಿಲ್ಲದ ಏನೋ ನೆಟ್‌ವರ್ಕ್‌ಗೆ ಸಿಕ್ಕಿದೆ ಸರ್," ಎಂದು ನೂರೀನ ಜಂಬದಿಂದ ಹೇಳಿದಳು. ಆ ಮಾತನ್ನೇ ಪೇಪರಿನಲ್ಲೂ ಬರೆದಳು. ಪೇಪರ್ ಒಪ್ಪಿಗೆಯಾಯಿತು, ಲ್ಯಾಬಿನಲ್ಲಿ ಪೇಢಾ ಹಂಚಿದರು.

ಈ ವರ್ಷ ಮಾರ್ಚಿನಲ್ಲಿ ಗ್ರಾಹಕರ ಸಂಘವೊಂದು ಲ್ಯಾಬಿಗೆ ಬಂತು. ಬೇಸಿಗೆಯಲ್ಲಿ ಮುಂಬೈಯ ಮನೆಮನೆಯವರೂ ವರ್ಷಕ್ಕಾಗುವಷ್ಟು ಮಸಾಲೆ ಕುಟ್ಟಿಸಿಕೊಳ್ಳುತ್ತಾರಲ್ಲ, ಅದಕ್ಕೆ ಮೊದಲು ಊರಿನ ಅರವತ್ತು ಕಡೆಯ ಪುಡಿ ಪರೀಕ್ಷೆ ಮಾಡಿಕೊಡಿ ಎಂದರು. ಯಾವ ಯಾವ ಗಿರಣಿ ಎಂದು ಪಟ್ಟಿ ಮಾಡುವಾಗ ನೂರೀನಳೇ ಬಾಯಿ ಹಾಕಿ, "ಪರೇಲ್‌ನಲ್ಲಿ ಒಂದು ಇದೆ, ಚೆನ್ನಾಗಿದೆ ಅಂತ ಕೇಳಿದೀನಿ," ಎಂದು ಅಂಬವ್ವನ ಗಿರಣಿಯನ್ನು ಸೇರಿಸಿದಳು. ಒಳಗೊಳಗೇ ಒಂದು ಆಸೆ. ತನ್ನ ನಂಟು ಹೇಳದೆಯೇ ಅಂಬವ್ವನಿಗೆ ಒಂದು ಉಪಕಾರ ಮಾಡಿದ ಹಾಗಾಗುತ್ತದೆ, ಮೊದಲ ನಂಬರಿನಲ್ಲಿ ಬರುತ್ತದೆ, ಅಮ್ಮಿ ಖುಷಿಪಡುತ್ತಾಳೆ. ಅಂಬವ್ವ ಬ್ಯಾಡಗಿ ಸೀಮೆಯವಳು. ಮೆಣಸಿನಕಾಯಿಯ ಚೀಲಕ್ಕೆ ಕೈಹಾಕಿ ಎಲ್ಲಿಯ ಹೊಲದ್ದು ಎಂದು ಹೇಳಬಲ್ಲವಳು. ನೂರೀನಳಿಗೆ ಆಕೆ ಆಯಿ. ಶಾಲೆ ಬಿಟ್ಟ ಮೇಲೆ ಅದೇ ಗಿರಣಿಯ ಅಟ್ಟದ ಮೇಲೆ ಕೂತು ನೂರೀನ ಹತ್ತನೇ ಇಯತ್ತೆಯವರೆಗೂ ಓದಿದ್ದು.

ನಲವತ್ತೊಂದನೇ ಪೊಟ್ಟಣ ಅಂಬವ್ವನದು. ಪರದೆಯ ಮೇಲೆ ಅದು ಕೆಂಪಗೆ ಬಂತು, ಎಂದರೆ ಕಲಬೆರಕೆ. ಅರವತ್ತರಲ್ಲಿ ಕೆಂಪಗೆ ಬಂದವು ಆರೇ.

ನೂರೀನ ಮೂರು ಸಲ ಮತ್ತೆ ಇಟ್ಟು ನೋಡಿದಳು. ಮೂರು ಸಲವೂ ಕೆಂಪು. ಸಂದೇಹದ ಪುಡಿಗಳನ್ನು ಮೊದಲು ರಸಾಯನ ಪರೀಕ್ಷೆಗೆ ಕಳಿಸಿ, ಆಮೇಲಷ್ಟೇ ಹೆಸರು ಹೇಳಬೇಕೆಂದು ಸುಹಾಸ ಸರ್ ಹೇಳಿದ್ದರು. ಆ ವಾರ ಅವರು ಊರಲ್ಲಿರಲಿಲ್ಲ. ಸಂಘದವರು ಫೋನ್ ಮಾಡಿ, ಸೀಸನ್ ಶುರುವಾಗಿದೆ, ಜನ ಕಾಯುತ್ತಿದ್ದಾರೆ, ನಿಮಗೆ ಖಾತ್ರಿ ಇದೆಯೋ ಇಲ್ಲವೋ ಎಂದು ಕೇಳಿದರು. ಇಲ್ಲ, ನಲವತ್ತೊಂದನ್ನು ಇನ್ನೊಮ್ಮೆ ನೋಡಬೇಕು ಎನ್ನಬಹುದಿತ್ತು. ಅದೊಂದೇ ಯಾಕೆ, ನಿಮಗೇನು ಸಂಬಂಧ ಎಂದು ಅವರು ಕೇಳಿದರೆ? ನೂರೀನ, "ತೊಂಬತ್ತೇಳು ಪರ್ಸೆಂಟ್ ಖಾತ್ರಿ," ಎಂದಳು. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ: ಅವಳು ಅದನ್ನು ನಂಬಿದ್ದಳು. ತನ್ನನ್ನು ಎತ್ತಿ ಆಡಿಸಿದ ಕೈಗಿಂತ ತಾನು ಬರೆದ ಪ್ರೋಗ್ರಾಮಿನ ಮೇಲೆ ಅವಳಿಗೆ ನಂಬಿಕೆ ಹೆಚ್ಚಿತ್ತು.

ಮರುದಿನವೇ ವಾಟ್ಸಾಪಿನಲ್ಲಿ ಆರು ಹೆಸರು ಓಡಾಡಿದವು. ಇವರ ಕಡೆ ಖಾರ ಕುಟ್ಟಿಸಬೇಡಿ ಎಂದು. ಸಂಜೆ ಅಮ್ಮಿ ಮನೆಗೆ ಬಂದು, ಕೈಕಾಲು ತೊಳೆದು, ಚಹಾಕ್ಕಿಟ್ಟು, ಬಹಳ ಹೊತ್ತಿನ ಮೇಲೆ ಕೇಳಿದಳು.

"ನೂರಿ, ಅದು ನಿಮ್ಮ ಕಾಲೇಜಿಂದ ಅಂತ?"

"ಹೂಂ ಅಮ್ಮಿ."

"ನೀ ನೋಡೀಯೇನ?"

"ನಾನಲ್ಲ, ಮಶೀನ್ ನೋಡ್ತದ. ಅಮ್ಮಿ, ಸುನ್, ಆಯಿ ಎಲ್ಲಿಂದ ಏನ್ ಮಿಕ್ಸ್ ಮಾಡ್ತಾಳ ನಿಂಗೇನ್ ಗೊತ್ತು? ನೀ ಅಲ್ಲಿ ಕೆಲಸ ಬಿಟ್ಟಬಿಡು."

ಅಮ್ಮಿ ಚಹಾ ಸೋಸಿ ಮಗಳ ಮುಂದಿಟ್ಟು ಒಳಗೆ ಹೋದಳು. ಮಾರನೆಯ ದಿನ ಎಂದಿನಂತೆ ಪರೇಲಿಗೆ ಹೋದಳು. ಮುಂದಿನ ವಾರದಿಂದ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಥಂಡಿ ಆಗೈತಿ ಎಂದಳು. ನೂರೀನ ಮೆಡಿಕಲ್ಲಿನಿಂದ ಕೆಮ್ಮಿನ ಔಷಧಿ ತಂದಿಟ್ಟಳು. ಆಮೇಲೆ ಎರಡು ವಾರ ಆ ಕೆಮ್ಮನ್ನು ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡೇ ಕಳೆದಳು.

ಏಪ್ರಿಲಿನ ಒಂದು ಮಧ್ಯಾಹ್ನ ಅಂಬವ್ವನ ಫೋನು ಬಂತು. "ನೂರಿ, ಲಗೂನ ಬಾರವ್ವಾ. ನಿಮ್ಮವ್ವಗ ಉಸರ ಹಿಡದಂಗ ಆಗೈತಿ."

ಪಾರ್ಲೆಯಿಂದ ಪ್ರಭಾದೇವಿಗೆ ಲೋಕಲ್ಲಿನಲ್ಲಿ ನಿಂತೇ ಹೋಗಿ, ಸೇತುವೆಯ ಮೆಟ್ಟಿಲನ್ನು ಓಡಿ ಹತ್ತಿ ಇಳಿದು ನೂರೀನ ಗಲ್ಲಿ ಸೇರಿದಳು. ಈ ಹೊತ್ತಿಗೆ ಬಾಗಿಲಾಚೆಯವರೆಗೂ ಹೆಂಗಸರ ಸಾಲು ಇರಬೇಕಾದ ಗಿರಣಿಯ ಮುಂದೆ ಇಬ್ಬರೇ ಇದ್ದರು. ಕಟ್ಟೆಯ ಮೇಲೆ ಅಮ್ಮಿ ಗೋಡೆಗೊರಗಿ ಕೂತಿದ್ದಳು. ಕಣ್ಣು ಬಾತುಕೊಂಡಿವೆ, ತುಟಿ ಒಣಗಿದೆ, ಎದೆಯೊಳಗೆ ಸಿಳ್ಳೆ ಹೊಡೆದಂಥ ಸದ್ದು. ಎದುರಿನ ದವಾಖಾನೆಯವರು ಹಬೆ ಕೊಟ್ಟು ಕಳಿಸಿದ್ದರಂತೆ. ಒಳಗೆ ಕಾಲಿಟ್ಟ ನೂರೀನಳಿಗೆ ಗಂಟಲು ಹಿಡಿದು ಕೆಮ್ಮು ಉಕ್ಕಿತು. ಕಣ್ಣು ಬಿಡಲಾಗದಷ್ಟು ಘಾಟು. ಬಾಲ್ಯವಿಡೀ ಕೂತು ಓದಿದ ಜಾಗ, ಎಂದೂ ಹೀಗಿರಲಿಲ್ಲ.

"ಆಯಿ, ಇಷ್ಟು ಘಾಟು ಯಾಕ? ಎಣ್ಣಿ ಹಾಕಿಲ್ಲೇನ?"

ಕೇಳಿದ್ದು ಅವಳೇ. ಮಾತು ತಾನಾಗಿ ಬಾಯಿಗೆ ಬಂದಿತ್ತು. ಹುರಿಯುವ ಮೊದಲು ಮೆಣಸಿನಕಾಯಿಗೆ ಕುಸುಬಿ ಎಣ್ಣೆಯ ಕೈ ಸವರಬೇಕು, ಇಲ್ಲದಿದ್ದರೆ ಹುರಿಯುವವರ ಎದೆ ಸುಟ್ಟುಹೋಗುತ್ತದೆ ಎನ್ನುವುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿದ್ದ ಸಂಗತಿ. ರಜೆಯಲ್ಲಿ ಅವಳೇ ಎಷ್ಟೋ ಸಲ ಸವರಿಕೊಟ್ಟಿದ್ದಾಳೆ.

ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಣ್ಣಿ ಬಿಟ್ಟು ಮೂರು ವಾರ ಆತವ್ವಾ. ನೀ ಹೇಳಿದ ಮರುದಿನಾನ ಬಿಟ್ವಿ."

"ನಾ ಏನ್ ಹೇಳಿದೆ?"

"ನಮ್ಮ ಖಾರದಾಗ ಏನೋ ಐತಿ ಅಂತ ನಿನ್ನ ಮಶೀನ ಹೇಳಿತಲ್ಲ. ನಮ್ಮ ನೂರಿ ನೋಡಿ ಹೇಳ್ಯಾಳಂದ್ರ ಸುಳ್ಳಾಗೂದುಲ್ಲ ಅಂತ ನಾನೂ ನಿಮ್ಮವ್ವನೂ ಕುಂತು ವಿಚಾರ ಮಾಡಿದ್ವಿ. ನಾವ್ ಹಾಕೂದು ಎರಡ. ಮೆಣಸಿನಕಾಯಿ ನಾನ ಆರಿಸಿ ತಂದದ್ದು, ಅದರಾಗ ಏನೂ ಇಲ್ಲ. ಉಳದದ್ದು ಎಣ್ಣಿ. ಹಂಗಾರ ಎಣ್ಣ್ಯಾಗ ಏನೋ ಐತಿ ಅಂತ ಡಬ್ಬಿ ಪೂರಾ ಮೋರಿಗೆ ಸುರುವಿದ್ವಿ. ಬ್ಯಾರೆ ಎಣ್ಣಿ ತರೂಣು ಅಂದ್ರ, ಅದರಾಗೂ ಇದ್ರ? ನಿಮ್ಮವ್ವ, 'ಅಕ್ಕಾ, ಒಣಾದ್ನ ಹುರೀತೀನಿ, ನನಗ ರೂಢಿ ಐತಿ, ಮಗಳ ಮಾತು ಹುಸಿ ಮಾಡೂದು ಬ್ಯಾಡ' ಅಂದ್ಳು."

ಸಾವಿರದ ಇನ್ನೂರ ಹತ್ತು. ಸಾವಿರದ ಏಳುನೂರ ಇಪ್ಪತ್ತೈದು. ನೂರೀನ ಮೆಣಸಿನಕಾಯಿಯ ಚೀಲದ ಮೇಲೆ ಕುಸಿದು ಕೂತಳು. ಎಣ್ಣೆ, ತುಪ್ಪ, ಕೊಬ್ಬು ಬೆಳಕನ್ನು ಹೀರಿಕೊಳ್ಳುವ ಜಾಗಗಳು ಅವು. ಮೊದಲ ವರ್ಷದ ಪಾಠ. ಅವಳ ಕಲಬೆರಕೆ ಪುಡಿಗಳಲ್ಲೆಲ್ಲ ಎಣ್ಣೆಯಿತ್ತು, ಶುದ್ಧ ಪುಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಯಂತ್ರ ಹುಡುಕಿದ್ದು ವಿಷದ ಬಣ್ಣವನ್ನಲ್ಲ, ಬರೀ ಎಣ್ಣೆಯನ್ನು. ಇನ್ನೂರ ನಲವತ್ತು ಪಟ್ಟಿ, ಜಾಲ, ಗೆರೆ ಎಲ್ಲ ಸೇರಿ ಹೇಳಿದ್ದನ್ನು ಈ ಮುದುಕಿ ಎರಡು ಬೆರಳು ಮಡಚಿ ಕಂಡುಕೊಂಡಿದ್ದಳು. ಅವಳಿಗೆ ಗೊತ್ತಿಲ್ಲದಿದ್ದದ್ದು ಒಂದೇ: ಎಣ್ಣೆ ಇದ್ದರೆ ತಪ್ಪೇನೂ ಇಲ್ಲ ಎಂಬುದು. ಅದು ಗೊತ್ತಿದ್ದವಳು ಲ್ಯಾಬಿನಲ್ಲಿ ಮಿಕ್ಸರ್ ತಿರುಗಿಸುತ್ತ ಕೂತಿದ್ದಳು.

"ಆಯಿ, ಎಣ್ಣಿಯೊಳಗ ಏನೂ ಇರಲಿಲ್ಲ," ಎಂದಳು ನೂರೀನ. "ಖಾರದಾಗೂ ಇರಲಿಲ್ಲ. ಗಲತಿ ಆಗಿದೆ."

ಅಂಬವ್ವ ಅವಳ ಮುಖ ನೋಡಿ ಕೂಡಲೇ ಕರಗಿಬಿಟ್ಟಳು. "ಹೋಗಲಿ ಬಿಡವ್ವಾ, ಮಶೀನ ಅಲ್ಲ? ಅದಕ್ಕೇನ ತಿಳೀತೈತಿ."

ಆ ಮಾತಿನ ಮರೆಗೆ ಸರಿದುಬಿಡಬಹುದಿತ್ತು. ಒಂದು ಕ್ಷಣ ಸರಿದಳು ಕೂಡ. ಆಮೇಲೆ ಹೊರಗಿನಿಂದ ಅಮ್ಮಿಯ ಕೆಮ್ಮು ಕೇಳಿಸಿತು.

"ಮಶೀನ್ ಅಲ್ಲ ಆಯಿ. ನಾನು. ಮಶೀನಿಗೆ ಒಣಾ ಖಾರ ತೋರಿಸಿ ಇದೇ ಛಲೋದು ಅಂತ ಕಲಿಸಿದ್ದು ನಾನು. ಸರ್ ಇಲ್ಲಿ ಬಂದು ನೋಡೋಣ ಅಂದಿದ್ರು. ನಾನೇ ಬ್ಯಾಡ ಅಂದೆ."

"ಯಾಕ?"

ನೂರೀನ ಫೋನು ಕೈಗೆ ತೆಗೆದುಕೊಂಡಳು. ಅಂಬವ್ವ ಎರಡನೇ ಸಲ ಕೇಳಲಿಲ್ಲ. ಎದ್ದು ಹೋಗಿ ಒಲೆ ಆರಿಸಿದಳು.

ಅಲ್ಲಿಂದಲೇ ನೂರೀನ ಸುಹಾಸ ಸರ್‌ಗೆ ಫೋನ್ ಮಾಡಿದಳು. ಕುಟ್ಟುವ ಸದ್ದಿನಲ್ಲಿ ಕೂಗಿ ಕೂಗಿ ಎಲ್ಲ ಹೇಳಿದಳು. "ಎಂತ ಶಬ್ದ ಅದು? ನೀನೀಗ ಎಲ್ಲಿದ್ದಿ?" ಎಂದು ಸರ್ ಕೇಳಿದರು.

"ಪರೇಲ್‌ನಲ್ಲಿ ಸರ್. ನಲವತ್ತೊಂದನೇ ಗಿರಣಿಯಲ್ಲಿ." ನೂರೀನ ಇನ್ನೂ ಗಟ್ಟಿಯಾಗಿ ಕೂಗಿದಳು. "ನಮ್ಮ ಅಮ್ಮಿ ಇಲ್ಲೇ ಕೆಲಸ ಮಾಡ್ತಾಳೆ. ಇಪ್ಪತ್ತೆರಡು ವರ್ಷ ಆಯ್ತು."

ಮರುದಿನ ಲ್ಯಾಬಿನಲ್ಲಿ ಶುದ್ಧ ಪುಡಿಗೆ ಒಂದು ಚಮಚ ಕುಸುಬಿ ಎಣ್ಣೆ ಬೆರೆಸಿ ಕ್ಯಾಮೆರಾದ ಕೆಳಗಿಟ್ಟರು. ಪರದೆ ಕೆಂಪಾಯಿತು. ಸರ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪೇಪರನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ನೂರೀನಳೇ ಬರೆದಳು. ಆರು ಪೊಟ್ಟಣಗಳ ರಸಾಯನ ಪರೀಕ್ಷೆಯೂ ಆಯಿತು. ಬಣ್ಣ ಸಿಕ್ಕಿದ್ದು ಒಂದರಲ್ಲಿ, ಉಳಿದ ಐದರಲ್ಲಿ ಬರೀ ಅಡುಗೆ ಎಣ್ಣೆ. ಸಂಘದವರು ತಿದ್ದುಪಡಿ ಕಳಿಸಿದರು. ಮೊದಲಿನ ಸುದ್ದಿ ಓಡಿತ್ತು, ಇದು ತೆವಳಿತು. ಅಂಬವ್ವನದನ್ನು ಬಿಟ್ಟು ಉಳಿದ ನಾಲ್ಕು ಗಿರಣಿಗಳಿಗೆ ನೂರೀನ ತಾನೇ ಹೋಗಿ, ನಿಂತು, ತನ್ನ ಹೆಸರು ಹೇಳಿ ಬಂದಳು. ಒಬ್ಬರು ನೀರು ಕೊಟ್ಟರು, ಒಬ್ಬರು ಬಾಗಿಲು ತೋರಿಸಿದರು. ಅಂಬವ್ವನ ಬಾಗಿಲಿಗೆ ಆ ಬೇಸಿಗೆ ಸಾಲು ಮತ್ತೆ ಬರಲಿಲ್ಲ.

ಮುಂದಿನ ವಾರದ ಶನಿವಾರ ಸುಹಾಸ ಸರ್ ಗಿರಣಿಗೆ ಬಂದರು. ಹೊಸ ಮಾದರಿಗಳನ್ನು ಈ ಸಲ ಇಲ್ಲಿಂದಲೇ ಶುರು ಮಾಡುವುದೆಂದು ತೀರ್ಮಾನವಾಗಿತ್ತು. ಬಾಗಿಲಲ್ಲೇ ಮೂರು ಸಲ ಸೀನಿ, "ಅಪ್ಪನ ಹೋಟೆಲಿನ ಅಡುಗೆಮನೆ ನೆನಪಾಯ್ತು," ಎಂದು ನಕ್ಕರು. ಅಂಬವ್ವ ಕೊಟ್ಟ ಸ್ಟೂಲಿನ ಮೇಲೆ ಕೂತರು. ನಜಮುನ್ನೀಸಾ ಟವೆಲ್ ಬಿಚ್ಚಿ ಎದ್ದು ನಿಂತಳು. ಹೊಸ ಎಣ್ಣೆ ಬಂದು ಎಂಟು ದಿನವಾಗಿತ್ತು, ಕೆಮ್ಮು ಇನ್ನೂ ಪೂರ್ತಿ ಹೋಗಿರಲಿಲ್ಲ.

"ನೀವು ನೂರೀನಳ ಅಮ್ಮ ಅಂತ ನಂಗೆ ಗೊತ್ತಾದ್ದೇ ಮೊನ್ನೆ ನೋಡಿ," ಎಂದರು ಸರ್, ಯಾವ ಕೊಂಕೂ ಇಲ್ಲದೆ. "ಐದು ವರ್ಷದಲ್ಲಿ ಇವಳು ಒಂದು ಮಾತು ಹೇಳ್ಲಿಲ್ಲ. ಮೊದಲೇ ಹೇಳಿದ್ರೆ ಅರ್ಧ ಪಾಠ ನಿಮ್ಮ ಹತ್ರವೇ ಕಲೀಬಹುದಿತ್ತು."

ನೂರೀನ ನೆಲ ನೋಡಿದಳು.

"ಅಕಿ ತಪ್ಪಿಲ್ರಿ ಸರ್," ಎಂದಳು ನಜಮುನ್ನೀಸಾ, ಒಂದು ಗಳಿಗೆಯೂ ತಡಮಾಡದೆ. "ನಾನ ಹೇಳಬ್ಯಾಡ ಅಂದಿದ್ದೆ. ದೊಡ್ಡ ಕಾಲೇಜು, ನಮ್ಮ ಕಡಿಂದ ಹುಡುಗಿಗೆ ಯಾಕ ಸುಮ್ನ ತ್ರಾಸ ಅಂತ. ಲೋಕಲ್‌ನ್ಯಾಗೂ ನಾನ ಹೇಳಿರ್ತೀನ್ರಿ, ಯಾರರ ಹತ್ತಿದ್ರ ನೀ ಆ ಕಡೆ ಹೋಗಿ ನಿಂದ್ರು, ನನ್ನ ಅರಿವಿ ಘಾಟು ಬಡೀತೈತಿ ಅಂತ."

ಅಮ್ಮಿ ಹಾಗೆ ಎಂದೂ ಹೇಳಿರಲಿಲ್ಲ. ಅಂಧೇರಿಯಲ್ಲಿ ಆ ದಿನ ಕಿಟಕಿಯಾಚೆ ನೋಡುತ್ತಿದ್ದವಳು ಎಲ್ಲವನ್ನೂ ಕಂಡಿದ್ದಳು. ಕಂಡು, ಮಗಳಿಗೆ ಮುಜುಗರವಾಗದಿರಲೆಂದೇ ಆಚೆ ನೋಡಿದ್ದಳು. ಅಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಬೇಕಾದಾಗ ಸುಳ್ಳೊಂದನ್ನು ಮಡಿಚಿ ಮಗಳ ಕೈಗೆ ಕೊಡುತ್ತಿದ್ದಳು. ನಲವತ್ತೊಂದನೇ ಪೊಟ್ಟಣ ಕೆಂಪಾದಾಗಲೂ, ಪೇಪರ್ ವಾಪಸಾದಾಗಲೂ, ಬಾಗಿಲು ತೋರಿಸಿದವರ ಮುಂದೆಯೂ ಆಗದಷ್ಟು ನಾಚಿಕೆ ನೂರೀನಳಿಗೆ ಆಗ ಆಯಿತು.

"ಇಲ್ಲ ಸರ್," ಎಂದಳು. "ಅಮ್ಮಿ ಹಂಗ ಹೇಳಿಲ್ಲ. ನಾನೇ ಹೇಳಲಿಲ್ಲ. ಲೋಕಲ್‌ನಲ್ಲೂ ನಾನೇ ಎದ್ದು ಹೋದದ್ದು. ನಂಗ ನಾಚಿಕೆ ಇತ್ತು."

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಅಂಬವ್ವ ಚೀಲದ ಬಾಯಿ ಬಿಚ್ಚಿದಳು. ನಜಮುನ್ನೀಸಾ ಮಗಳ ಮುಖವನ್ನು ಒಮ್ಮೆ ನೋಡಿದಳು. ಮತ್ತೆ ಕೂತು, ಎಣ್ಣೆಯ ಬಟ್ಟಲನ್ನು ಅವಳ ಕಡೆಗೆ ಸರಿಸಿದಳು.

"ಆತ ಬಿಡು, ನಿಂತೀ ಯಾಕ. ಕುಂಡ್ರು, ಸವರು. ಸರ್ ನೋಡಲಿ."

ನೂರೀನ ತೋಳು ಮಡಿಚಿ ಅಮ್ಮಿಯ ಪಕ್ಕ ಕೂತಳು. ಬಹಳ ವರ್ಷಗಳಾಗಿದ್ದವು, ಎಷ್ಟು ಎಣ್ಣೆ ತೆಗೆದುಕೊಳ್ಳಬೇಕೆಂದು ಅವಳಿಗೆ ಮರೆತುಹೋಗಿತ್ತು. ಅಮ್ಮಿಯನ್ನು ಕೇಳಿದಳು.